ಕ್ರಿಸ್ಮಸ್ ಮರಕ್ಕೊಬ್ಬ ಸೋದರಮಾವ

ಪ್ಲಾಸ್ಟಿಕ್ ಮರದ ಪರ ಇದ್ದವನು ನಾನು. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ಕೊಂಕು ತೆಗೆಯಬಾರದು. ಪ್ಲಾಸ್ಟಿಕ್ ಮರ ನೀರು ಕೇಳುವುದಿಲ್ಲ, ರಜೆ ಕೇಳುವುದಿಲ್ಲ, ಹಬ್ಬ ಮುಗಿದ ಮೇಲೆ ಮಡಚಿ ಪೆಟ್ಟಿಗೆಗೆ ಹಾಕಿದರೆ ಮುಂದಿನ ಡಿಸೆಂಬರ್‌ವರೆಗೆ ತೆಪ್ಪಗೆ ಮಲಗಿರುತ್ತದೆ. ಹಂಗಳ ದಾಟಿ ಬಂಡೀಪುರದ ಕಡೆ ಹೋಗುವ ರಸ್ತೆಯಲ್ಲಿರುವ ಒಂದು ರೆಸಾರ್ಟಿನಲ್ಲಿ ನಾನು ರಿಸೆಪ್ಷನ್ ಕೆಲಸದವನು. ಬಂದವರಿಗೆ ಕೀ ಕೊಡುವುದು, ಹೋಗುವವರಿಂದ ಕೀ ಈಸಿಕೊಳ್ಳುವುದು, ನಡುವೆ ಹುಲಿ ಎಷ್ಟು ಗಂಟೆಗೆ ಬರುತ್ತದೆ ಎಂದು ಕೇಳುವವರಿಗೆ ನಗುತ್ತಾ ಉತ್ತರ ಹೇಳುವುದು, ಇದು ರಘುನಾಥನೆಂಬ ನನ್ನ ಉದ್ಯೋಗ. ಇಂಥ ಕಡೆ ತಂಟೆಯಿಲ್ಲದ ವಸ್ತು ಯಾವುದಿದ್ದರೂ ನನಗೆ ಇಷ್ಟ.

ಆದರೆ ನಮ್ಮ ಪ್ಲಾಸ್ಟಿಕ್ ಮರಕ್ಕೆ ಕಾಲ ಬಂದಿತ್ತು. ಸ್ಟೋರ್ ರೂಮಿನಲ್ಲಿ ಇಲಿಗಳು ಅದರ ಒಂದು ಪಕ್ಕೆಯನ್ನು ಪೂರಾ ಕಡಿದು ಮರಿ ಹಾಕಿದ್ದವು. ಆ ಪಕ್ಕೆಯನ್ನು ಗೋಡೆಗೆ ತಿರುಗಿಸಿ ಹೋದ ವರ್ಷ ಹೇಗೋ ಸಂಭಾಳಿಸಿದೆವು. ಯಾರೋ ಅತಿಥಿ ಅದರ ಫೋಟೋ ತೆಗೆದು, "ಸುತ್ತ ಕಾಡು, ಒಳಗೆ ಪ್ಲಾಸ್ಟಿಕ್" ಎಂದು ಊರಿಗೆಲ್ಲ ಕಾಣುವ ಹಾಗೆ ಬರೆದು ಹಾಕಿದ. ಮೈಸೂರಿನಲ್ಲಿರುವ ಮಾಲೀಕರು ಅದನ್ನು ಓದಿದರು. ಈ ವರ್ಷ ನಿಜವಾದ ಮರವೇ ಆಗಬೇಕು ಎಂದು ಮ್ಯಾನೇಜರ್ ಸುನೀಲ್ ಕುಮಾರ್‌ಗೆ ಫೋನು ಬಂತು.

ಸುನೀಲ್ ಕುಮಾರ್ ಚಾಮರಾಜನಗರದವರು. ಮೂವತ್ತು ದಾಟಿದೆ, ಇನ್ನೂ ಮದುವೆಯಿಲ್ಲ. ತಾಯಿ ಅಂಗನವಾಡಿ ಟೀಚರ್, ಇವರು ಒಬ್ಬನೇ ಮಗ. ಇಸ್ತ್ರಿ ಕೆಡದ ಅಂಗಿ, ತಪ್ಪು ಹುಡುಕುವ ಕಣ್ಣು, ಯಾರಿಗೂ ಏಕವಚನ ಬಳಸದ ನಾಲಿಗೆ. ಒಳ್ಳೆಯವರೇ, ಆದರೆ ಯಾರನ್ನೂ ಹತ್ತಿರ ಬಿಟ್ಟುಕೊಳ್ಳುವವರಲ್ಲ.

ನಿಜವಾದ ಮರ ಅಂದರೆ ತರುವುದೆಲ್ಲಿಂದ? ಕಾಡಿನ ಒಂದು ಕಡ್ಡಿ ಮುಟ್ಟಿದರೂ ಅರಣ್ಯ ಇಲಾಖೆಯವರು ಬಾಗಿಲಿಗೆ ಬರುತ್ತಾರೆ. ಇದ್ದದ್ದು ನಮ್ಮ ಬೇಲಿ ಸಾಲಿನ ಸರ್ವೆ ಮರಗಳು. ಸೂಜಿಯಂಥ ಎಲೆ, ಗಾಳಿ ಬಂದರೆ ಸುಂಯ್ ಅನ್ನುವ ಸದ್ದು. ಅದರ ತುದಿ ಕಡಿದು ಕುಂಡದಲ್ಲಿ ನಿಲ್ಲಿಸಿದರೆ ಯಾರಾದರೂ ಕ್ರಿಸ್ಮಸ್ ಮರ ಎಂದು ಒಪ್ಪಲೇಬೇಕು. ಆ ಸರ್ವೆ ಸಾಲು ನೆಟ್ಟವರು ತೋಟದ ಮೇಲ್ವಿಚಾರಣೆಯ ಚಿಕ್ಕಮಾದಮ್ಮ. ಅವರನ್ನು ಕೇಳದೆ ಅಲ್ಲಿ ಒಂದು ಎಲೆ ಕೀಳುವ ಧೈರ್ಯ ಮಾಲೀಕರಿಗೂ ಇರಲಿಲ್ಲ.

ಚಿಕ್ಕಮಾದಮ್ಮ ಹಂಗಳದ ಹೆಂಗಸು. ಸೀರೆಯ ಮೇಲೊಂದು ಗಂಡಸರ ಅಂಗಿ, ಸೊಂಟದಲ್ಲಿ ಕುಡುಗೋಲು. ಅವರು ಒಮ್ಮೆ ಗದರಿದರೆ ಅಡಿಗೆಮನೆಯ ಮಾಡಿನ ಮೇಲಿನ ಕೋತಿಗಳೂ ಬೇಲಿಯಾಚೆ ಹೋಗಿ ಕೂರುತ್ತವೆ. ಗಂಡ ಮಹಾಲಿಂಗ ಊರಲ್ಲಿ ಅರಿಶಿನ, ಚೆಂಡುಹೂವು ಬೆಳೆಯುವ ಮಾತು ಕಮ್ಮಿಯ ಮನುಷ್ಯ. ಮನೆಯ ಮಾತನ್ನೆಲ್ಲ ಹೆಂಡತಿಯೇ ಆಡಿ ಮುಗಿಸುವುದರಿಂದ ಅವನಿಗೆ ಉಳಿಯುವುದೂ ಕಮ್ಮಿ. ಮಗಳು ಶಿವರಂಜಿನಿ ಗುಂಡ್ಲುಪೇಟೆಯ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಅವಳ ಮದುವೆ ಮಾಘ ಮಾಸಕ್ಕೆ ನಿಶ್ಚಯವಾಗಿತ್ತು. ಎಲ್ಲ ಸರಿಯಾಗಿತ್ತು, ಒಂದು ಬಿಟ್ಟು.

ಹೆಣ್ಣಿನ ಮದುವೆಗೆ ಚಪ್ಪರ ಹಾಕುವಾಗ ಮೊದಲು ನೆಡುವುದು ಹಾಲುಗಂಬ. ಅತ್ತಿಯ ಹಸಿ ಕೊಂಬೆ. ಅದನ್ನು ಕಡಿದು ತರಬೇಕಾದವನು ಹುಡುಗಿಯ ಸೋದರಮಾವ, ಅಂದರೆ ಚಿಕ್ಕಮಾದಮ್ಮನ ಅಣ್ಣನೋ ತಮ್ಮನೋ. ಇದ್ದವನೊಬ್ಬ ಅಣ್ಣ, ತೆರಕಣಾಂಬಿಯ ಮಂಟೇಸ್ವಾಮಿ. ಪ್ರತಿ ಗೌರಿ ಹಬ್ಬಕ್ಕೆ ತಂಗಿಗೆ ಬಾಗಿನ ಹೊತ್ತು ಮೊಪೆಡ್ಡಿನಲ್ಲಿ ಬರುತ್ತಿದ್ದ. ಆ ದಿನ ಚಿಕ್ಕಮಾದಮ್ಮ ತಪ್ಪದೆ ರಜೆ. ಅವನು ಎದೆನೋವಿನಿಂದ ತೀರಿಕೊಂಡು ಮೂರು ವರ್ಷವಾಯಿತು. ಆಮೇಲೆ ಗೌರಿ ಹಬ್ಬದ ದಿನ ಅವರು ರಜೆ ಹಾಕಲಿಲ್ಲ. ಬೆಳಿಗ್ಗೆಯೇ ಬಂದು, ಯಾರ ಮುಖವನ್ನೂ ನೋಡದೆ, ಹುಲ್ಲುಹಾಸಿನ ಕಳೆಯನ್ನು ಸೇಡು ತೀರಿಸಿಕೊಳ್ಳುವವರ ಹಾಗೆ ಕೀಳುತ್ತಿದ್ದರು. ನನಗೆ ಅದನ್ನು ನೋಡಲು ಆಗುತ್ತಿರಲಿಲ್ಲ, ಕೀ ಹಲಗೆಯ ಕಡೆ ತಿರುಗಿಬಿಡುತ್ತಿದ್ದೆ.

ಹಾಲುಗಂಬ ಕಡಿಯುವವರು ಯಾರು ಎಂಬ ಪ್ರಶ್ನೆಗೆ ಮಹಾಲಿಂಗನ ದೊಡ್ಡಪ್ಪ ದೊಡ್ಡಮಲ್ಲಪ್ಪನ ಹತ್ತಿರ ಎರಡು ಉತ್ತರವಿತ್ತು. ಒಂದು, ಚಿಕ್ಕಮಾದಮ್ಮನ ತವರಿನ ಕಡೆಯ ದೂರದ ದಾಯಾದಿ ಪುಟ್ಟಮಲ್ಲಪ್ಪ. ಅಣ್ಣ ಸತ್ತಾಗಲೂ ಬಾರದವನು, ಈಗ ಸೋದರಮಾವನ ಪೇಟ ಸುತ್ತಿಸಿಕೊಳ್ಳಲು ತಯಾರು. ಇನ್ನೊಂದು, ಶಾಮಿಯಾನದವರ ಕಬ್ಬಿಣದ ಕಂಬ, ಅದಕ್ಕೆ ಸುತ್ತಿದ ಪ್ಲಾಸ್ಟಿಕ್ ಎಲೆ. "ಈಗೆಲ್ಲಾ ಛತ್ರದಲ್ಲಿ ಅದ್ನೇ ನಿಲ್ಸೋದು ಕಣಮ್ಮಿ" ಎಂದಿದ್ದನಂತೆ ಮುದುಕ. ಎರಡೂ ಬೇಡ ಎಂದಿದ್ದರು ಚಿಕ್ಕಮಾದಮ್ಮ. ಮತ್ತೆ ಯಾರು ಎಂದರೆ ಬಾಯಿ ಬಿಡುತ್ತಿರಲಿಲ್ಲ.

ಇಂಥ ಹೊತ್ತಿನಲ್ಲಿ ಸುನೀಲ್ ಕುಮಾರ್ ಚಿಕ್ಕಮಾದಮ್ಮನನ್ನು ರಿಸೆಪ್ಷನ್ನಿಗೆ ಕರೆಸಿ ಹೇಳಿದರು. "ಚಿಕ್ಕಮಾದಮ್ಮನವರೇ, ಒಬ್ಬ ಕೂಲಿಯವನಿಗೆ ಹೇಳಿ, ಚೆನ್ನಾಗಿರೋ ಒಂದು ಸರ್ವೆ ಮರದ ತುದಿ ಕಡಿಸಿ. ಕ್ರಿಸ್ಮಸ್‌ಗೆ ಬೇಕು."

"ಕೂಲಿಯವ್ನು ಕಡುದ್ರೆ ಅದು ಸೌದೆ ಕಣಿ ಸಾರ್" ಎಂದರು ಚಿಕ್ಕಮಾದಮ್ಮ. "ಅಣ್ಣನೋ ತಮ್ಮನೋ ಕಡುದ್ರೆ ಕಂಬ. ನಿಮ್ಗೆ ಸೌದೆ ಬೇಕೋ ಕಂಬ ಬೇಕೋ?"

ನಾನು ನಕ್ಕೆ. "ಅದಕ್ಕೇ ಹೇಳೋದು, ಪ್ಲಾಸ್ಟಿಕ್ಕೇ ವಾಸಿ. ಇಲಿ ಕಡಿದರೂ ಮರವೇ, ಮ್ಯಾನೇಜರ್ ಕಡಿದರೂ ಮರವೇ."

"ನೀವು ಸುಮ್ಕಿರಿ ರಘಣ್ಣ" ಎಂದು ನನ್ನ ಬಾಯಿ ಮುಚ್ಚಿಸಿದರು. ಆಮೇಲೆ ಮ್ಯಾನೇಜರ್ ಕಡೆ ತಿರುಗಿ, "ಯೇಸಪ್ಪ ಉಟ್ಟಿದ್ ಅಬ್ಬ ತಾನೆ ಇದು? ಮಗ ಉಟ್ಟೋದು ಶುಭ ಕಾರ್ಯ ತಾನೆ? ಶುಭ ಕಾರ್ಯದ ಮನೆಗೆ ಅಸಿ ಕೊಂಬೆ ತರಾದು ಸೋದರಮಾವ."

"ಯೇಸುವಿನ ಸೋದರಮಾವನನ್ನ ಈಗ ನಾನು ಎಲ್ಲಿ ಹುಡುಕಲಿ?" ಎಂದರು ಸುನೀಲ್ ಕುಮಾರ್. ಅವರಿಗೂ ನಗು ಬಂದಿತ್ತು.

ಚಿಕ್ಕಮಾದಮ್ಮ ನಗಲಿಲ್ಲ. ಕೌಂಟರಿನ ಮೇಲೆ ನಾನು ಒರೆಸಲು ತೆಗೆದಿಟ್ಟಿದ್ದ ಮಣ್ಣಿನ ಗೊಂಬೆಗಳನ್ನು ನೋಡುತ್ತಿದ್ದರು. ಪ್ರತಿ ವರ್ಷ ಮರದ ಬುಡದಲ್ಲಿ ಜೋಡಿಸುವ ಗೊಂಬೆಗಳು, ಹಸು, ಕುರಿ, ಹುಲ್ಲಿನ ಮೇಲೆ ಮಗು, ಪಕ್ಕದಲ್ಲಿ ತಾಯಿ. ತಾಯಿ ಗೊಂಬೆಯನ್ನು ಕೈಗೆತ್ತಿಕೊಂಡು ಸೆರಗಿನಿಂದ ಅದರ ಮುಖ ಒರೆಸಿದರು.

"ಚೊಚ್ಚಲು ಬಾಣಂತಿ. ಚೊಚ್ಚಲೆರಿಗೆ ತವರಲ್ಲಿ ಆಗ್ಬೇಕು. ಈ ತಾಯಿಗೆ ದನದ ಕೊಟ್ಗೇಲಿ ಆಯ್ತಂತಲ್ಲ. ಒಬ್ಬ ಅಣ್ಣನೋ ತಮ್ಮನೋ ಜೊತೇಲಿ ಇದ್ದಿದ್ರೆ ಕೊಟ್ಗೇಲಿ ಎರೋಕೆ ಬುಡ್ತಿದ್ನಾ? ತವರಿಲ್ದ ಎಂಗ್ಸಿನ ಪಾಡು ನಂಗೊತ್ತು ಸಾರ್. ಈ ಅವ್ವಂಗೆ ಯಾರೂ ಇಲ್ದೋದ್ರೆ ನೀವೇ ನಿಂತ್ಕಳಿ."

ರಿಸೆಪ್ಷನ್ನಿನಲ್ಲಿ ಫೋನು ಹೊಡೆದುಕೊಳ್ಳುತ್ತಿತ್ತು, ನಾನು ಎತ್ತಲಿಲ್ಲ. ಸುನೀಲ್ ಕುಮಾರ್ ಗೊಂಬೆ ನೋಡಿದರು, ಚಿಕ್ಕಮಾದಮ್ಮನನ್ನು ನೋಡಿದರು. "ಸರಿ, ಏನು ಮಾಡಬೇಕು ಹೇಳಿ" ಎಂದರು. ತಮಾಷೆಗೆ ಒಪ್ಪಿದರೋ ನಿಜಕ್ಕೂ ಒಪ್ಪಿದರೋ ಆಗ ನನಗೆ ತಿಳಿಯಲಿಲ್ಲ.

ಏನೇನು ಮಾಡಬೇಕಿತ್ತೋ ಎಲ್ಲ ಮಾಡಿಸಿದರು ಮಹಾತಾಯಿ. ಹಿಂದಿನ ಸಂಜೆ ಮರಕ್ಕೆ ಅರಿಶಿನ ಕುಂಕುಮ ಇಟ್ಟು, "ನಾಳೆ ಬತ್ತೀವಿ ಕಣವ್ವ, ಬೇಜಾರ್ ಮಾಡ್ಕಬೇಡ" ಎಂದು ಹೇಳಿ ಬಂದರು. ಬೆಳಿಗ್ಗೆ ಸುನೀಲ್ ಕುಮಾರ್ ತಲೆಗೆ ಸ್ನಾನ ಮಾಡಿ, ತಿಂಡಿ ತಿನ್ನದೆ, ಬರಿಗಾಲಲ್ಲಿ ಬೇಲಿಯ ಹತ್ತಿರ ನಿಂತಿದ್ದರು. ಇಸ್ತ್ರಿ ಅಂಗಿಯ ಮೇಲೆ ಯಾರದೋ ಟವಲ್ಲು. ಚಿಕ್ಕಮಾದಮ್ಮ ಅರಿಶಿನದ ಕೊಂಬು ಕಟ್ಟಿದ ದಾರ ತಂದು ಅವರ ಬಲಗೈಗೆ ಕಂಕಣ ಕಟ್ಟಿದರು. ಅಡಿಗೆಮನೆಯಿಂದ ಹಾಲು ಬಂತು, ಕೋಣೆ ಗುಡಿಸುವ ಹೆಂಗಸರೆಲ್ಲ ಪೊರಕೆ ಬಿಟ್ಟು ಬಂದರು. ಸುನೀಲ್ ಕುಮಾರ್ ಬುಡಕ್ಕೆ ಹಾಲೆರೆದು, ಏಣಿ ಹತ್ತಿ, ಮಚ್ಚು ಬೀಸಿದರು. ಮೊದಲ ಏಟು ಬಿದ್ದದ್ದು ಏಣಿಗೆ. ಎರಡನೆಯದು ಸರಿಯಾಗಿ ಬಿತ್ತು.

ತುದಿಯನ್ನು ನೆಲಕ್ಕೆ ತಾಗಿಸದೆ ಹೆಗಲ ಮೇಲೆ ಹೊತ್ತು ತಂದರು. ಹಿಂದೆ ಹೆಂಗಸರ ಸೋಬಾನೆ. ಊಟಿಗೆ ಹೊರಟಿದ್ದ ಅತಿಥಿಗಳು ಕಾರಿನಿಂದ ಇಳಿದು ವಿಡಿಯೋ ಮಾಡಿಕೊಂಡರು. ಮರವನ್ನು ದೊಡ್ಡ ಕುಂಡದ ಒದ್ದೆ ಮಣ್ಣಿನಲ್ಲಿ ನಿಲ್ಲಿಸಿ, ಮದುವೆಮನೆಯ ಅಭ್ಯಾಸಕ್ಕೆ ಚಿಕ್ಕಮಾದಮ್ಮ ಬುಡದಲ್ಲಿ ಒಂದು ಹಿಡಿ ನವಧಾನ್ಯ ಚೆಲ್ಲಿಬಿಟ್ಟರು. ಕ್ರಿಸ್ಮಸ್ ಮರಕ್ಕೆ ನವಧಾನ್ಯ ಚೆಲ್ಲಿದ್ದು ಈ ಭೂಮಿಯ ಮೇಲೆ ನಾವೇ ಮೊದಲಿರಬೇಕು. ನಾನು ಅದರ ಮೇಲೆ ನಕ್ಷತ್ರ, ಗಂಟೆ, ದೀಪದ ಸರ ಹಾಕಿದೆ. ಹಬ್ಬದ ಹೊತ್ತಿಗೆ ಬುಡದಲ್ಲಿ ಹುರುಳಿ, ಹೆಸರು, ಭತ್ತ ಮೊಳೆತು ಗೇಣುದ್ದ ಎದ್ದು ನಿಂತಿದ್ದವು. ಹಸು ಗೊಂಬೆ ನಿಜವಾದ ಪೈರಿನಲ್ಲಿ ಮೇಯುತ್ತಿತ್ತು. ಸುಲ್ತಾನ್ ಬತ್ತೇರಿಯಿಂದ ಮೊಮ್ಮಕ್ಕಳ ಜೊತೆ ಬಂದಿದ್ದ ಒಬ್ಬ ಅಜ್ಜಿ ಆ ಪೈರನ್ನು ಸವರಿ, ತಮ್ಮ ಮನೆಯಲ್ಲೂ ಹಿಂದೆ ಸರ್ವೆ ಕೊಂಬೆಯನ್ನೇ ತರುತ್ತಿದ್ದರು, ಆದರೆ ಇಷ್ಟು ಚೆನ್ನಾಗಿ ಯಾರೂ ನೋಡಿಕೊಂಡಿರಲಿಲ್ಲ ಎಂದರು. ಪ್ಲಾಸ್ಟಿಕ್ಕಿನ ಪರವಾಗಿ ಆಮೇಲೆ ನಾನು ಬಾಯಿ ಬಿಡಲಿಲ್ಲ.

ಹೊಸ ವರ್ಷದ ಗಲಾಟೆ ಮುಗಿದ ಮೇಲೆ ಮರ ಇಳಿಸಿದೆವು. ನೀರೊಲೆಗೆ ಹಾಕಬಹುದು ಎಂದು ನಾನಂದೆ. ಕಂಬ ಆದದ್ದನ್ನು ಸುಡಬಾರದು ಎಂದು ಅದನ್ನು ಹೀರೆ ಬಳ್ಳಿಗೆ ಆಸರೆ ನೆಟ್ಟರು ಚಿಕ್ಕಮಾದಮ್ಮ. ಆಮೇಲೆ ಕಂಕಣ ಬಿಚ್ಚಲೆಂದು ಸುನೀಲ್ ಕುಮಾರ್ ಅವರ ಹತ್ತಿರ ಹೋದರು. ಮ್ಯಾನೇಜರ್ ಕೈ ಚಾಚಿದರು. ಚಿಕ್ಕಮಾದಮ್ಮ ಗಂಟಿನ ಮೇಲೆ ಬೆರಳಿಟ್ಟು ಹಾಗೇ ನಿಂತರು.

"ಸಾರ್, ಒಂದ್ ಮಾತು ಕೇಳ್ತೀನಿ. ಮಾಘದಲ್ಲಿ ನನ್ ಮಗ್ಳ ಚಪ್ರ. ಆಲ್ಗಂಬ ಕಡಿಯೋಕೆ ನನ್ಗೆ ಅಣ್ಣ ಇಲ್ಲ. ಕೊಂಬೆ ಕಡಿಯೋದು ಎಂಗೆ ಅಂತ ನೀವು ಕಲ್ತಿದೀರಿ. ಬಿಚ್ಲೋ, ಇರ್ಲೋ?"

ಬೇಡುವ ದನಿಯಲ್ಲ. ಇಂಥ ಗಿಡಕ್ಕೆ ಇಂಥ ಗೊಬ್ಬರ ತರಿಸಿ ಎಂದು ಹೇಳುವಾಗಿನ ದನಿಯೇ. ಆದರೆ ಬೆರಳು ಮಾತ್ರ ಗಂಟಿನ ಮೇಲಿಂದ ಏಳಲಿಲ್ಲ.

ಸುನೀಲ್ ಕುಮಾರ್ ಕೈಯ ದಾರವನ್ನು ನೋಡಿದರು. ಆಮೇಲೆ, "ನಾನು ಯಾರು, ಯಾವ ಜನ ಅಂತ ನಿಮ್ಮ ಕಡೆಯವರು ಕೇಳಲ್ವಾ?" ಎಂದರು.

"ಕೇಳ್ತಾರೆ. ಕೇಳ್ದೆ ಇರ್ತಾರಾ? ಉತ್ರ ನಾನ್ ಯೋಳ್ತೀನಿ."

"ಇರಲಿ ಬಿಡಿ" ಎಂದು ಕೈ ಹಿಂದಕ್ಕೆ ಎಳೆದುಕೊಂಡು ಆಫೀಸಿನೊಳಗೆ ಹೋದರು. ಇರಲಿ ಎಂದದ್ದು ಕಂಕಣಕ್ಕೋ, ಆ ವಿಷಯ ಈಗ ಬೇಡ ಎಂದೋ? ನಾನು ಚಿಕ್ಕಮಾದಮ್ಮನನ್ನು ಕೇಳಿದೆ. "ಬಿಚ್ಲಿಲ್ವಲ್ಲ, ಅಷ್ಟು ಸಾಕು" ಎಂದರು. ಅಲ್ಲಿಂದ ಮುಂದೆ ಇಬ್ಬರೂ ಆ ಮಾತೆತ್ತಲಿಲ್ಲ. ಸಂಕ್ರಾಂತಿ ಬಂತು, ಹೋಯಿತು. ಸುನೀಲ್ ಕುಮಾರ್ ತುಂಬುತೋಳಿನ ಅಂಗಿ ಹಾಕುವವರು. ಕಂಕಣ ಕೈಯಲ್ಲಿದೆಯೋ ಇಲ್ಲವೋ ನೋಡಲು ನಾನು ಪಟ್ಟ ಪಾಡು ನನಗೇ ನಾಚಿಕೆ ತರಿಸುವಂಥದು. ಬೇಕೆಂದೇ ಅವರ ಕೈಲಿ ಕೀ ಹಲಗೆಯ ಮೇಲಿನ ಗೂಟದ ಕೀ ತೆಗೆಸಿದೆ, ಆದರೂ ಗುಂಡಿ ಹಾಕಿದ ತೋಳು ಸರಿಯಲಿಲ್ಲ.

ಚಪ್ಪರದ ದಿನ ಬೆಳಿಗ್ಗೆ ನಾನು ಹಂಗಳಕ್ಕೆ ಹೋದಾಗ ಮನೆ ಮುಂದೆ ಜನ ಸೇರಿತ್ತು. ಶಾಮಿಯಾನದವರು ಕಬ್ಬಿಣದ ಕಂಬ ತಂದು ಗೋಡೆಗೆ ಒರಗಿಸಿದ್ದರು. ಅದರ ಪ್ಲಾಸ್ಟಿಕ್ ಎಲೆ ನಮ್ಮ ಹಳೆಯ ಮರದ ನೆಂಟನ ಹಾಗೆ ಹೊಳೆಯುತ್ತಿತ್ತು. ಪುಟ್ಟಮಲ್ಲಪ್ಪ ಹೊಸ ಪಂಚೆ ಉಟ್ಟು, ಕರೆಯದಿದ್ದರೂ ಬಂದು ಜಗಲಿಯ ಮೇಲೆ ಕೂತು ಎಲೆ ಅಡಿಕೆ ಹಾಕುತ್ತಿದ್ದ. ಸುನೀಲ್ ಕುಮಾರ್ ಬಂದಿರಲಿಲ್ಲ. ಹಿಂದಿನ ದಿನವೇ ಯಾರಿಗೂ ಏನೂ ಹೇಳದೆ ಚಾಮರಾಜನಗರಕ್ಕೆ ಹೋಗಿದ್ದರು, ನನ್ನ ಫೋನೂ ಎತ್ತಿರಲಿಲ್ಲ. ಶಿವರಂಜಿನಿ ಅರಿಶಿನ ಹಚ್ಚಿಸಿಕೊಂಡು ಒಳಗೆ ಕೂತಿದ್ದಳು. ಬಾಗಿಲಿಗೆ ಬಂದು ಬಂದು ರಸ್ತೆ ನೋಡುತ್ತಿದ್ದವಳು ಅವಳೊಬ್ಬಳೇ. ಚಿಕ್ಕಮಾದಮ್ಮ ಅತ್ತ ತಿರುಗಿಯೂ ನೋಡದೆ ಕಂಬದ ಗುಣಿ ತೋಡಿಸುತ್ತಿದ್ದರು.

"ಒತ್ತು ಮೀರ್ತಾ ಅದೆ ಕಣಮ್ಮಿ" ಎಂದು ದೊಡ್ಡಮಲ್ಲಪ್ಪ ಕೋಲು ಕುಟ್ಟಿದ. "ಪುಟ್ಮಲ್ಲ ಕುಂತವ್ನೆ, ಕಬ್ಣದ್ ಕಂಬ ನಿಂತದೆ. ಯಾವ್ದೋ ಒಂದು ಮಾಡು."

"ಗುಣಿ ಇನ್ನೂ ಮೊಳ ಆಳ ಓಗ್ಬೇಕು ಮಾವ. ಕಡಿಯೋನು ಬತ್ತಾನೆ" ಎಂದರು ಚಿಕ್ಕಮಾದಮ್ಮ.

"ಬಾರ್ದಿದ್ರೆ?"

"ಬಾರ್ದಿದ್ರೆ ನಾನೇ ಕಡ್ಕ ಬತ್ತೀನಿ. ಸುಳ್ ತಮ್ಮನ್ನ ಮಾತ್ರ ನಿಲ್ಸಕಿಲ್ಲ, ಸುಳ್ ಕಂಬಾನೂ ನಿಲ್ಸಕಿಲ್ಲ."

ಪುಟ್ಟಮಲ್ಲಪ್ಪನ ದವಡೆ ನಿಂತಿತು. ಜನ ಗುಜುಗುಜು ಅಂದರು. ನನಗೆ ಸುನೀಲ್ ಕುಮಾರ್ ಮೇಲೆ ಕೆಂಡದಂಥ ಸಿಟ್ಟು. ಬರುವುದಿಲ್ಲವೆಂದರೆ ಅಂದೇ ದಾರ ಕಿತ್ತು ಕೊಡಬಾರದಿತ್ತೇ? ನಾಳೆ ಡ್ಯೂಟಿಗೆ ಹೋಗಿ ಮ್ಯಾನೇಜರ್ ಎಂದೂ ನೋಡದೆ ಬೈಯುವ ಮಾತುಗಳನ್ನು ಜೋಡಿಸಿಕೊಳ್ಳುತ್ತಿದ್ದೆ.

ಆಗ ಬೈಕು ಬಂತು. ಸುನೀಲ್ ಕುಮಾರ್ ಇಳಿದರು, ಹಿಂದೆ ಸೀರೆ ಸೆರಗು ಸರಿಮಾಡಿಕೊಳ್ಳುತ್ತಾ ಅವರ ತಾಯಿ. ತಾಯಿಯ ಕೈಯಲ್ಲಿ ಬಿದಿರಿನ ಹೊಸ ಮೊರ, ಅದರಲ್ಲಿ ಸೀರೆ, ಕಣ, ಬಳೆ, ಅರಿಶಿನದ ಕೊಂಬು. "ತಡ ಆಯ್ತು ಕಣಮ್ಮ. ಸೋದರಮಾವ ಬರಿಗೈಲಿ ಹೋಗಬಾರದು ಅಂತ ನಾನೇ ನಿಲ್ಲಿಸ್ಕೊಂಡೆ. ಅಂಗಡಿಯವರು ಬಾಗಿಲು ತೆಗೆದದ್ದೇ ಹೊತ್ತಾಗಿ" ಎಂದರು.

ಚಿಕ್ಕಮಾದಮ್ಮ ಮೊದಲು ನೋಡಿದ್ದು ಮುಖವನ್ನಲ್ಲ, ಕೈಯನ್ನು. ಸುನೀಲ್ ಕುಮಾರ್‌ಗೆ ಅರ್ಥವಾಯಿತು. ಗುಂಡಿ ಬಿಚ್ಚಿ ತೋಳು ಮಡಚಿದರು. ಅರಿಶಿನದ ಕೊಂಬು ಒಣಗಿ ಕರ್ರಗಾಗಿತ್ತು, ದಾರ ಕೊಳೆಯಾಗಿತ್ತು, ಗಂಟು ಮಾತ್ರ ಅವತ್ತು ಹಾಕಿದ ಹಾಗೇ ಇತ್ತು.

"ಯಾರಮ್ಮಿ ಇಂವ? ಯಾವ್ ವಕ್ಲು?" ಎಂದ ದೊಡ್ಡಮಲ್ಲಪ್ಪ.

"ನನ್ ತಮ್ಮ ಕಣಿ ಮಾವ" ಎಂದರು ಚಿಕ್ಕಮಾದಮ್ಮ, ಊರಿಗೆಲ್ಲ ಕೇಳುವ ದನಿಯಲ್ಲಿ. "ಯೇಸಪ್ಪನ ಮನೆಗೆ ಕೊಂಬೆ ಒತ್ತು ತಂದವ್ನೆ, ನಿಮ್ ಮನೆಗೆ ತರಾಕೆ ಆಗ್ದೆ ಓದಾದಾ? ಇನ್ನೇನಾರ ಕೇಳಾದಿದ್ರೆ ಉಂಡ್ಬುಟ್ ಕೇಳಿ."

ಮುದುಕ ಬಾಯಿ ತೆರೆದ. ಅಷ್ಟರಲ್ಲಿ, ಇಷ್ಟು ವರ್ಷದಲ್ಲಿ ನಾನು ಕೇಳಿದ ಮೊದಲನೆಯ ಮಾತು ಮಹಾಲಿಂಗನಿಂದ ಬಂತು. "ಬಾ ಬಾಮೈದ, ಒತ್ತಾಯ್ತು" ಎಂದು ಮಚ್ಚು ಮುಂದೆ ಹಿಡಿದ. ಮನೆಯ ಯಜಮಾನನೇ ಹೇಳಿದ ಮೇಲೆ ಕೋಲು ಕುಟ್ಟಿ ಏನು ಪ್ರಯೋಜನ? ದೊಡ್ಡಮಲ್ಲಪ್ಪ ಗೊಣಗುತ್ತಲೇ ಪೇಟ ತೆಗೆದುಕೊಟ್ಟ.

ಸುನೀಲ್ ಕುಮಾರ್ ಅತ್ತಿ ಮರ ಹತ್ತಿದರು. ಈ ಸಲ ಮೊದಲ ಏಟೇ ಸರಿಯಾಗಿ ಬಿತ್ತು. ಗುಣಿಗೆ ಹಾಲೆರೆದು ಕಂಬ ನಿಲ್ಲಿಸುವಾಗ, "ಅಕ್ಕ, ಇದು ಇತ್ತ ವಾಲ್ತಿದೆಯಾ ನೋಡು" ಎಂದರು. ಯಾರಿಗೂ ಏಕವಚನ ಬಳಸದ ನಾಲಿಗೆ. ಚಿಕ್ಕಮಾದಮ್ಮ ವಾಲಿದೆಯೋ ಇಲ್ಲವೋ ಹೇಳಲಿಲ್ಲ, ಅವರಿಗೆ ಏನೂ ಕಾಣುತ್ತಿರಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದರು. ಕಬ್ಬಿಣದ ಕಂಬವನ್ನು ಗಾಡಿ ನಿಲ್ಲಿಸುವ ಕಡೆಗೆ ಸಾಗಿಸಿದವನು ನಾನು.

ಮಾರನೆಯ ವಾರದಿಂದ ರೆಸಾರ್ಟಿನಲ್ಲಿ ಮತ್ತೆ ಸಾರ್, ಚಿಕ್ಕಮಾದಮ್ಮನವರೇ. ಕೆಲಸ ಬೇರೆ, ನೆಂಟಸ್ತಿಕೆ ಬೇರೆ ಎಂದು ಇಬ್ಬರೂ ಮಾತಾಡದೆಯೇ ತೀರ್ಮಾನಿಸಿದ ಹಾಗಿತ್ತು. ಸರ್ವೆ ಕಂಬದ ಮೇಲೆ ಹೀರೆ ಬಳ್ಳಿ ಹಬ್ಬಿ ಕಾಯಿ ಬಿಟ್ಟಿತು. ಕಡಿದ ಮರ ಪಕ್ಕದಲ್ಲಿ ಎರಡು ಹೊಸ ಚಿಗುರು ತೆಗೆಯಿತು. ಪ್ಲಾಸ್ಟಿಕ್ ಮರವನ್ನು ಇಲಿಗಳಿಗೇ ಬಿಟ್ಟುಕೊಟ್ಟೆವು.

ಭಾದ್ರಪದದಲ್ಲಿ ಒಂದು ಬೆಳಿಗ್ಗೆ ಚಿಕ್ಕಮಾದಮ್ಮ ರಿಸೆಪ್ಷನ್ನಿಗೆ ಬಂದು, ಕೈ ಒರೆಸಿಕೊಳ್ಳುತ್ತಾ, "ರಘಣ್ಣ, ಗೌರಿ ಅಬ್ಬಕ್ಕೆ ನನ್ಗೆ ರಜ ಬೇಕು. ಮ್ಯಾನೇಜರ್‌ಗೆ ಯೋಳ್ಬುಡಿ" ಎಂದರು.

ನಾನು ಒಳಗೆ ಹೋಗಿ ಹೇಳಿದೆ. ಸುನೀಲ್ ಕುಮಾರ್ ತಲೆಯೆತ್ತದೆ, "ಕೊಡಿ. ಅವತ್ತು ನಾನೂ ಇರಲ್ಲ, ನೀವೊಬ್ಬರೇ ನೋಡಿಕೊಳ್ಳಬೇಕು" ಎಂದರು. ಅವರ ಕುರ್ಚಿಯ ಪಕ್ಕದಲ್ಲಿ ಮೊರದ ಬಾಗಿನ ಆಗಲೇ ಕಟ್ಟಿ ಇಟ್ಟಿತ್ತು.